ಸಭೆ ಹಾಡುವಾಗ ಬೇಸ್ ಗಿಟಾರ್ ಎಲ್ಲಿರಬೇಕು?

ಹನ್ನೊಂದು ವರ್ಷಗಳಿಂದ ನಮ್ಮ ಕ್ರೈಸ್ತ ಸಭೆಯ ಭಾನುವಾರದ ಆರಾಧನೆಯಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರಗಳ ಗಿಟಾರ್, ನುಡಿಸುತ್ತಿದ್ದೇನೆ. ಈ ವರ್ಷಗಳಲ್ಲಿ ಎರಡು ಮಾತುಗಳು ನನ್ನ ಕಿವಿಗೆ ಪದೇ ಪದೇ ಬಿದ್ದಿವೆ. ಹಿರಿಯರಲ್ಲಿ ಕೆಲವರು "ದೇವಾಲಯಕ್ಕೆ ಈ ಗಿಟಾರು, ಡ್ರಮ್ಮು ಯಾಕಪ್ಪಾ, ಆರ್ಗನ್ ಸಾಲದೇ?" ಎನ್ನುತ್ತಾರೆ. ಯುವಕರು "ಅಣ್ಣಾ, ಬೇಸ್ ಕೇಳಿಸ್ತಾನೇ ಇಲ್ಲ, ಇನ್ನಷ್ಟು ಏರಿಸಿ" ಎನ್ನುತ್ತಾರೆ. ಇಬ್ಬರ ಮೇಲೂ ನನಗೆ ಗೌರವವಿದೆ, ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಬೆಂಚುಗಳಲ್ಲಿ ನಿಂತಿರುವ ಜನ ಬಾಯಿ ತುಂಬಾ ಹಾಡುತ್ತಿದ್ದಾರೆಯೇ ಎಂಬುದೊಂದೇ ನನ್ನ ವಾದನಕ್ಕೆ ಅಳತೆಗೋಲು ಎಂದು ಈಗ ನಂಬಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ಮೊದಲು ಹಿರಿಯರ ಮಾತು. ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಕನ್ನಡ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನರಿಗಳು ತಮ್ಮ ನಾಡಿನ ಜರ್ಮನ್ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಆ ಗೀತೆಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡುವ ಪದ್ಧತಿಯಿದೆ, ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಬೇಸ್. ದೊಡ್ಡ ಆರ್ಗನ್ ಇರುವ ಕಡೆ ಆ ಸ್ವರಗಳನ್ನು ವಾದಕರು ಕಾಲಿನಿಂದ ನುಡಿಸುತ್ತಾರೆ, ಹಾರ್ಮೋನಿಯಂ ಮಾತ್ರ ಇರುವಲ್ಲಿ ಎಡಗೈ ಆ ಕೆಲಸ ಮಾಡುತ್ತದೆ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರ್ ಹೊಸ ವಾದ್ಯವೆಂಬುದು ನಿಜ. ಆದರೆ ಅದು ನಿಂತಿರುವ ಸ್ಥಾನ ಹೊಸದಲ್ಲ, ನಮ್ಮ ಕ್ವಾಯರಿನ ಹಿಂದಿನ ಸಾಲಿನಲ್ಲಿ ತಲೆಮಾರುಗಳಿಂದ ಗಂಡಸರು ನಿಂತು ಹಾಡಿದ ಸ್ಥಾನವೇ ಅದು.

ನನಗೆ ಬೇಸ್ ಎಂದರೇನೆಂದು ಕಲಿಸಿದವರೂ ಅಂಥ ಒಬ್ಬ ಹಿರಿಯರೇ. ಅವರು ಗಿಟಾರನ್ನು ಕೈಯಲ್ಲಿ ಹಿಡಿದವರಲ್ಲ. ಅವರ ಬಳಿ ಟಾನಿಕ್ ಸೋಲ್ಫಾ ಲಿಪಿಯ ಒಂದು ಹಳೆಯ ಗೀತ ಪುಸ್ತಕವಿತ್ತು. ಐದು ಗೆರೆಗಳಿಲ್ಲದೆ, ಬರೀ ದೊ, ರೆ, ಮಿ ಅಕ್ಷರಗಳಲ್ಲಿ ನಾಲ್ಕು ಧ್ವನಿಗಳನ್ನು ನಾಲ್ಕು ಸಾಲಾಗಿ ಅಚ್ಚು ಹಾಕಿದ ಪುಸ್ತಕ. ಹಾಳೆಯ ಕೆಳಗಿನ ಮೂಲೆಗಳು ಬೆರಳು ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಅವರು ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಎದೆಯಿಂದ ಹಾಡಿ ತೋರಿಸಿ, "ಇದನ್ನು ತಂತಿಯ ಮೇಲೆ ಹುಡುಕು" ಎಂದರು. ಅಲ್ಲಿಯವರೆಗೆ ನಾನು ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ನೋಡಿ ಅದರ ಮೂಲ ಸ್ವರವನ್ನೇ ಬಾರಿಸುತ್ತಿದ್ದೆ. ಧರ್ಮಗೀತೆಯ ಬೇಸ್ ಹಾಗೆ ಒಂದೇ ಕಡೆ ಕುಳಿತಿರುವುದಿಲ್ಲ. ಬಹುಮಟ್ಟಿಗೆ ಪ್ರತಿ ಅಕ್ಷರಕ್ಕೂ ಒಂದು ಹೆಜ್ಜೆಯಿಟ್ಟು, ರಾಗ ಮೇಲೇರುವಾಗ ತಾನು ಕೆಳಗಿಳಿದು, ಸಾಲಿನ ಕೊನೆಯಲ್ಲಿ ಮನೆಗೆ, ಅಂದರೆ ಹಾಡಿನ ಆಧಾರ ಸ್ವರಕ್ಕೆ, ಬಂದು ನಿಲ್ಲುತ್ತದೆ. ಅಲ್ಲಿ ಸಭೆ ಉಸಿರು ತೆಗೆದುಕೊಳ್ಳುತ್ತದೆ. ಆ ಉಸಿರಿಗೆ ನಾನೂ ಅಂಗೈಯಿಂದ ತಂತಿಯನ್ನು ಒತ್ತಿ ಸ್ವರವನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದಿನ ಸಾಲನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಜನರಿಗೆ ತಿಳಿಯುವುದಿಲ್ಲ. ಸ್ವರವನ್ನು ಆರಂಭಿಸುವುದಕ್ಕಿಂತ ಮುಗಿಸುವುದೇ ಕಷ್ಟವೆಂದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಆ ಹಳೆಯ ಗೀತೆಗಳಲ್ಲಿ ಬಹಳಷ್ಟು ಇ ಫ್ಲಾಟ್, ಎ ಫ್ಲಾಟ್, ಬಿ ಫ್ಲಾಟ್ ಶ್ರುತಿಗಳಲ್ಲಿವೆ. ನಾಲ್ಕು ತಂತಿಯ ಬೇಸಿನ ಅತಿ ತಗ್ಗಿನ ಸ್ವರ ಇ. ಇ ಫ್ಲಾಟ್ ಗೀತೆಯ ತಗ್ಗಿನ ಮನೆಸ್ವರ ಅದಕ್ಕಿಂತ ಸರಿಯಾಗಿ ಅರ್ಧ ಮೆಟ್ಟಿಲು ಕೆಳಗೆ, ಕೈಗೆ ಎಟುಕದ ಜಾಗದಲ್ಲಿದೆ. ಇನ್ನೂ ತಗ್ಗಿನ ಒಂದು ತಂತಿ ಹೆಚ್ಚಿಗೆ ಇರುವ ಐದು ತಂತಿಯ ಬೇಸ್ ನಾನು ಕೊಂಡದ್ದು ಈ ಕಾರಣಕ್ಕೆ.

ಇನ್ನು ಯುವಕರ ಮಾತು. ಇದನ್ನು ನಾನು ಸ್ವಂತ ತಪ್ಪಿನಿಂದ ಕಲಿತೆ. ಮೂರು ವರ್ಷಗಳ ಹಿಂದೆ ಕ್ರಿಸ್ಮಸ್ಸಿಗೆ ಮುಂಚೆ ನಮ್ಮಲ್ಲಿ ಹೊಸ ಸಬ್‌ವೂಫರ್‌ಗಳು, ತಗ್ಗಿನ ಸ್ವರಗಳ ದೊಡ್ಡ ಸ್ಪೀಕರುಗಳು, ಬಂದವು. ಸೌಂಡ್ ಚೆಕ್ ನಡೆದದ್ದು ಖಾಲಿ ದೇವಾಲಯದಲ್ಲಿ, ಎಲ್ಲರಿಗೂ ಖುಷಿಯಾಯಿತು. ಮರುದಿನ ಬೆಳಿಗ್ಗೆ ಎರಡನೆಯ ಹಾಡಿನ ನಡುವೆ ತಲೆಯೆತ್ತಿ ನೋಡಿದರೆ, ಮುಂದಿನ ಬೆಂಚಿನ ಅಜ್ಜಿ, ಪ್ರತಿ ಚರಣವನ್ನೂ ಪುಸ್ತಕ ನೋಡದೆ ಹಾಡಬಲ್ಲವರು, ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದರು. ಅವರ ಹಿಂದಿನ ಸಾಲಿನಲ್ಲಿ ಯಾರ ತುಟಿಯೂ ಅಲುಗುತ್ತಿರಲಿಲ್ಲ. ನಾನಾದರೋ ಸಾಲು ಸಾಲಿನ ಮಧ್ಯೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಬೆಡಗುಗಳನ್ನೆಲ್ಲ ತುಂಬುತ್ತಿದ್ದೆ. ಆ ದಿನದ ನೋವು ಇನ್ನೂ ನನ್ನೊಳಗೆ ಹಾಗೆಯೇ ಇದೆ.

ಕಾರಣವನ್ನು ಆಮೇಲೆ ತಿಳಿದುಕೊಂಡೆ. ತೆರೆದ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಅಂದರೆ ಗಾಳಿಯಲ್ಲಿ ಆ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಂಥ ಅಲೆಗೆ ಪರದೆ, ಮೆತ್ತೆ ಯಾವುದೂ ಅಡ್ಡಿಯಲ್ಲ. ಕಲ್ಲಿನ ಗೋಡೆಗಳ ನಡುವೆ ಅದು ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ, ಮುಂದಿನ ಸ್ವರ ಬರುವಾಗಲೂ ಹೋಗದೆ ಉಳಿದಿರುತ್ತದೆ. ಒಂದರ ಮೇಲೊಂದು ಸ್ವರ ಬಿದ್ದು ಗುಂಯ್‌ಗುಡುವ ರಾಶಿಯೊಳಗೆ ಹಾಡುವವರಿಗೆ ತಮ್ಮ ದನಿಯೇ ಕೇಳಿಸದು, ಪಕ್ಕದವರದಂತೂ ಕೇಳಿಸುವುದೇ ಇಲ್ಲ. ತನ್ನ ದನಿ ಕೇಳಿಸದವರು ಹಾಡುವುದನ್ನು ನಿಲ್ಲಿಸುತ್ತಾರೆ. ಈಗ ತಂತಿಗಳ ಬುಡ ಕೂರುವ ಬ್ರಿಡ್ಜಿನ ಬಳಿ ಅವುಗಳ ಕೆಳಗೆ ಒಂದು ತುಂಡು ಸ್ಪಂಜು ಸಿಕ್ಕಿಸಿಕೊಳ್ಳುತ್ತೇನೆ. ಸ್ವರ ಬೇಗ ಆರುತ್ತದೆ, ಸ್ಪಷ್ಟವಾಗಿ ಕೇಳುತ್ತದೆ. ಡ್ರಮ್ಮಿನ ತಮ್ಮನ ಕಾಲಿಗೂ ನನ್ನ ಬೆರಳಿಗೂ ಒಂದೇ ಲಯವಿರುವಂತೆ ನೋಡಿಕೊಳ್ಳುತ್ತೇವೆ. ನನ್ನ ಸ್ವರಗಳ ಮೇಲೆ ಬೀಳದಂತೆ ಕೀಬೋರ್ಡಿನ ತಂಗಿ ಎಡಗೈಯನ್ನು ಮೇಲಿನ ಮನೆಗಳಿಗೆ ಸರಿಸಿಕೊಂಡಿದ್ದಾಳೆ. ಹೊಸ ಹಾಡುಗಳನ್ನು ರೆಕಾರ್ಡಿನಲ್ಲಿ ಕೇಳಿದ ಎತ್ತರದಲ್ಲೇ ಹಾಡುವ ಹಟವನ್ನು ಸಹ ಬಿಟ್ಟಿದ್ದೇವೆ. ಡಿ ಶ್ರುತಿಯಲ್ಲಿದ್ದ ಒಂದು ಹಾಡನ್ನು ಬಿ ಫ್ಲಾಟಿಗೆ ಇಳಿಸಿದ ವಾರವೇ ಗಂಡಸರ ದನಿ ಹಿಂದಿನ ಬಾಗಿಲಿನವರೆಗೂ ತುಂಬಿಕೊಂಡಿತು.

ನನಗೆ ಹೆಚ್ಚು ಪ್ರಿಯವಾದ, ಹೆಚ್ಚು ಕಷ್ಟವೂ ಆದ ಭಾಗ ನಮ್ಮ ರಾಗಗಳ ಕೀರ್ತನೆಗಳು. ಜರ್ಮನ್ ಧಾಟಿಯೊಂದೇ ನಮ್ಮ ಆಸ್ತಿಯಲ್ಲ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864) ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿ ದಕ್ಷಿಣದ ಸಭೆಗಳಿಗೆ ದೊಡ್ಡ ದಾರಿ ತೋರಿದರು. ಕನ್ನಡದಲ್ಲಿ ನಿಘಂಟಿನ ಕಿಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದರು. ಇಂಥ ಹಾಡುಗಳಿಗೆ ಮೂರು ಕಾರ್ಡ್ ಜೋಡಿಸಿ ಬಾರಿಸುವ ರೂಢಿ ನಮ್ಮ ಬ್ಯಾಂಡುಗಳಲ್ಲಿ ಬಂದಿದೆ. ಅದರಿಂದ ರಾಗಕ್ಕೆ ಪೆಟ್ಟು ಬೀಳುತ್ತದೆಂದು ನಾನು ನೇರವಾಗಿಯೇ ಹೇಳುತ್ತೇನೆ. ಮೋಹನ ರಾಗವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಧ್ಯಮವಿಲ್ಲ, ನಿಷಾದವೂ ಇಲ್ಲ. ಸಿ ಶ್ರುತಿಯಲ್ಲಿ ಗಿಟಾರಿನವರು ಅಭ್ಯಾಸಬಲದಿಂದ ಎಫ್ ಕಾರ್ಡಿಗೆ ಹೋದರೆ, ಬೇಸಿನವನು ಅದರ ಬೆನ್ನಿಗೇ ಹೋಗಿ ರಾಗದಲ್ಲಿಲ್ಲದ ಮಧ್ಯಮವನ್ನು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಸಾರಿದಂತಾಗುತ್ತದೆ. ಜಿ ಕಾರ್ಡಿನ ಮೂಲ ಸ್ವರ ಪಂಚಮವಾದ್ದರಿಂದ ನನಗೆ ತೊಂದರೆಯಿಲ್ಲ, ಆದರೆ ಅದರ ನಡುವಿನ ಸ್ವರ ನಿಷಾದ. ಕೀಬೋರ್ಡಿನವರು ಅದನ್ನು ಬಿಟ್ಟು ನುಡಿಸಬೇಕು. ಆದ್ದರಿಂದ ನಾನು ಅಲ್ಲಿ ತಂಬೂರಿಯ ಕೆಲಸಕ್ಕೆ ಇಳಿಯುತ್ತೇನೆ. ಷಡ್ಜ, ಪಂಚಮ, ಅಪರೂಪಕ್ಕೊಮ್ಮೆ ಧೈವತ, ಅಷ್ಟೇ. ಇಡೀ ಚರಣ ಷಡ್ಜದ ಮೇಲೆಯೇ ನಿಂತುಬಿಟ್ಟರೂ ಕೊರತೆಯೇನೂ ಕಾಣುವುದಿಲ್ಲ, ಹಾಡುವವರು ಗಮಕಗಳನ್ನು ಹೆದರಿಕೆಯಿಲ್ಲದೆ ಎಳೆಯುತ್ತಾರೆ.

ಜಾಣ್ಮೆಯಿಂದ ಬಾರಿಸಿರಿ ಎಂದು ಬೈಬಲಿನ 33ನೆಯ ಕೀರ್ತನೆ ಹೇಳುತ್ತದೆ. ಮೊದಲು ಆ ಮಾತನ್ನು ವೇಗದ ಬೆರಳುಗಳಿಗೆ ಸಿಕ್ಕ ಅಪ್ಪಣೆಯೆಂದು ತಿಳಿದಿದ್ದೆ. ಈಗ ಪ್ರತಿ ಭಾನುವಾರ ಕೊನೆಯ ಚರಣದಲ್ಲಿ ನಾವೆಲ್ಲ ವಾದ್ಯಗಳನ್ನು ಪೂರ್ತಿ ನಿಲ್ಲಿಸಿ, ಸಭೆಯೊಂದೇ ಹಾಡುವಂತೆ ಬಿಡುತ್ತೇವೆ. ಸಭಾಪಾಲಕರು ಮೊದಮೊದಲು ಹಿಂಜರಿದರು, ಆಮೇಲೆ ಅವರೇ ಕೇಳಿ ಮಾಡಿಸುತ್ತಿದ್ದಾರೆ. ಆ ಹೊತ್ತಿನಲ್ಲಿ ಕಂಬದ ಪಕ್ಕ ತಂತಿಗಳ ಮೇಲೆ ಅಂಗೈ ಇಟ್ಟು ನಿಂತಿರುತ್ತೇನೆ. ಎಡಗಡೆಯ ಬೆಂಚುಗಳಿಂದ ನನಗೆ ಕಲಿಸಿದ ಹಿರಿಯರ ದನಿ ಬರುತ್ತದೆ, ಈಗ ತುಸು ನಡುಗುತ್ತದೆ, ನಾಲ್ಕನೆಯ ಸಾಲನ್ನು ಅವರು ಇನ್ನೂ ತಪ್ಪಿಲ್ಲದೆ ಹಾಡುತ್ತಾರೆ.

ಹೋದ ತಿಂಗಳು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೇಸ್ ಕಲಿಸಿಕೊಡಿ ಎಂದು ಬಂದ. ಅವನಿಗೆ ಅದೇ ಪುಸ್ತಕದ ಒಂದು ಹಾಳೆಯ ಫೋಟೋ ಪ್ರತಿ ಕೊಟ್ಟು, ಗಿಟಾರ್ ಮುಟ್ಟುವ ಮೊದಲು ಕೆಳಗಿನ ಸಾಲನ್ನು ಹಾಡಿಕೊಂಡು ಬರಲು ಹೇಳಿದ್ದೇನೆ. ಎರಡು ಚರಣ ಮುಗಿದಿವೆ. ಅವನ ಧ್ವನಿ ಈಗಷ್ಟೇ ಒಡೆಯುತ್ತಿದೆ, ತಗ್ಗಿನ ಸ್ವರಗಳು ಇನ್ನೂ ಪೂರ್ತಿ ಬಂದಿಲ್ಲ.