ಸ್ಪ್ಯಾನಿಷ್ ಕ್ಲಾಸಿಗೆ ಕನ್ನಡ ಯಾಕೆ ಬೇಡ?

ಮನಸ್ಸು ತಡೆಯುತ್ತಿಲ್ಲ, ಅದಕ್ಕೇ ಈ ರಾತ್ರಿಯೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು.

ಶನಿವಾರ ಶನಿವಾರ ಮೈಸೂರಿನ ಕಾಲೇಜೊಂದರಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್ ಕೋರ್ಸಿಗೆ ಹೋಗುತ್ತಿರುವುದು ನಿಮಗೆ ಗೊತ್ತೇ ಇದೆ. ಇವತ್ತಿನ ಪಾಠ ‘ಗುಸ್ತಾರ್’ ಅನ್ನುವ ಕ್ರಿಯಾಪದ. ಕಾಫಿ ಇಷ್ಟ ಅಂತ ಹೇಳಬೇಕಾದರೆ ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಅನ್ನಬೇಕು. ಮೇಡಂ ಬೋರ್ಡಿನ ಮೇಲೆ ಮೊದಲು ‘ಐ ಲೈಕ್ ಕಾಫಿ’ ಅಂತ ಬರೆದರು. ಇಲ್ಲಿ ಕರ್ತೃ ‘ಐ’ ಅಲ್ಲ, ಕಾಫಿ, ಇಂಗ್ಲಿಷ್ ವಾಕ್ಯವನ್ನು ತಿರುಗಿಸಿಕೊಳ್ಳಿ ಅಂತ ಬಾಣದ ಗುರುತು ಹಾಕಿ ತೋರಿಸಿದರು. ಯಾರ ಮುಖದಲ್ಲೂ ಅರ್ಥವಾದ ಲಕ್ಷಣ ಇರಲಿಲ್ಲ. ಅಳಿಸಿ ಮತ್ತೆ ಬಾಣ ಹಾಕಿದರು.

ನನ್ನ ಪಕ್ಕ ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಕೂರುತ್ತಾಳೆ. ಅವಳು ಕೈಯೆತ್ತಿ, ‘ಮೇಡಂ, ನಂಗೆ ಕಾಫಿ ಇಷ್ಟ ಅಂತೀವಲ್ಲ, ಹಂಗೇ ಅಲ್ವಾ?’ ಅಂದಳು. ಇಡೀ ಕ್ಲಾಸಿನಲ್ಲಿ ಪಾಠ ಹಿಡಿದವಳು ಅವಳೊಬ್ಬಳೇ. ಅದಕ್ಕೆ ಸಿಕ್ಕ ಉತ್ತರ, ‘ಇಂಗ್ಲಿಷ್‌ನಲ್ಲಿ ಕೇಳಮ್ಮ.’ ಅವಳು ಕೂತುಬಿಟ್ಟಳು. ಕ್ಲಾಸು ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಅವಳ ನೋಟ್‌ಬುಕ್ ನೋಡಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲೇ ಬರೆದುಕೊಂಡಿದ್ದಳು: ನಂಗೆ – ಮೆ, ನಿಂಗೆ – ತೆ, ಅವ್ನಿಗೆ – ಲೆ. ಎಲ್ಲ ಸರಿಯಾಗಿತ್ತು. ಅದನ್ನೂ ಅಂಗೈ ಅಡ್ಡ ಇಟ್ಟುಕೊಂಡು ಬರೆದಿದ್ದಳು.

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನಾಗಿ ಓದಿಕೊಂಡವರು, ಶ್ರದ್ಧೆಯಿಂದ ಕಲಿಸುತ್ತಾರೆ. ಅವರಿಗೂ ಹೀಗೇ ಕಲಿಸಿರುತ್ತಾರೆ. ಸ್ಪ್ಯಾನಿಷ್‌ಗೆ ಹೋಗಬೇಕಾದರೆ ಇಂಗ್ಲಿಷ್ ದಾಟಿಕೊಂಡೇ ಹೋಗಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ನನ್ನ ಸಿಟ್ಟು ಅದರ ಮೇಲೆ. ಯಾರು ಹೇಳಿದ್ದು ಹಾಗಂತ?

ಗುಸ್ತಾರ್ ಒಂದೇ ಅಲ್ಲ. ತಲೆ ನೋಯುತ್ತಿದ್ದರೆ ಸ್ಪ್ಯಾನಿಷ್‌ನವರು ‘ಮೆ ದುವೆಲೆ ಲಾ ಕಬೇಸಾ’ ಅನ್ನುತ್ತಾರೆ. ನನಗೆ ತಲೆ ನೋಯ್ತಿದೆ, ಅಷ್ಟೇ. ‘ಆಬ್ಲೊ’ ಅಂದರೆ ಮಾತಾಡ್ತೀನಿ, ‘ಆಬ್ಲಾಸ್’ ಅಂದರೆ ಮಾತಾಡ್ತೀಯ, ‘ಆಬ್ಲಾಮೋಸ್’ ಅಂದರೆ ಮಾತಾಡ್ತೀವಿ. ನಾನು, ನೀನು, ನಾವು ಅಂತ ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲ, ಕ್ರಿಯಾಪದದ ಕೊನೆ ನೋಡಿದರೆ ಗೊತ್ತಾಗುತ್ತದೆ. ಕನ್ನಡದಲ್ಲೂ ಹಾಗೇ ಅಲ್ವಾ? ‘ನಾಳೆ ಬರ್ತೀನಿ’ ಅಂದರೆ ಬರುವವರು ಯಾರು ಅಂತ ಯಾರಾದರೂ ಕೇಳುತ್ತಾರಾ? ಇಂಗ್ಲಿಷ್‌ನಲ್ಲಿ ಅದನ್ನು ಬಿಡುವ ಹಾಗಿಲ್ಲ. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಇದನ್ನು ಒಂದು ವಿಚಿತ್ರ ಅನ್ನುವ ಹಾಗೆ ವಿವರಿಸಿದರು. ‘ತು’ ಮತ್ತು ‘ಉಸ್ತೆದ್’ ಬಂದಾಗಲೂ ಇದೇ ಕಥೆ. ಒಂದು ಸಲಿಗೆಗೆ, ಇನ್ನೊಂದು ಗೌರವಕ್ಕೆ. ನೀನು, ನೀವು ಅಂತ ಹುಟ್ಟಿದಾಗಿನಿಂದ ಆಡಿಕೊಂಡು ಬಂದವರಿಗೆ ಇದಕ್ಕೆ ಅಷ್ಟು ಹೊತ್ತಿನ ಪಾಠ ಬೇಕಾ?

ಉಚ್ಚಾರಣೆಯ ವಿಷಯಕ್ಕೆ ಬಂದರಂತೂ ಹೊಟ್ಟೆ ಉರಿಯುತ್ತದೆ. ಸ್ಪ್ಯಾನಿಷ್‌ನ ತಕಾರ ನಮ್ಮ ‘ತ’ಕ್ಕೆ ಹತ್ತಿರ, ನಾಲಿಗೆ ಹಲ್ಲಿಗೆ ತಾಗಬೇಕು. ಸ್ವರಗಳು ಐದು, ಎಲ್ಲ ನಮ್ಮ ಬಾಯಿಗೆ ಕೂರುವಂಥವೇ. ಎನ್ ಅಕ್ಷರದ ಮೇಲೆ ಅಲೆಯಂಥ ಗೆರೆ ಎಳೆದು ಬರೆಯುವ ಒಂದು ಅಕ್ಷರವಿದೆ. ಅದನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ‘ಕ್ಯಾನ್ಯನ್’ ಪದದ ಉದಾಹರಣೆ ಕೊಟ್ಟು ವಿವರಿಸುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ‘ಞ’ ಅಂತ ಅದಕ್ಕೊಂದು ಅಕ್ಷರವೇ ಇದೆ. ಒಂದನೇ ಕ್ಲಾಸಿನಲ್ಲಿ ಬರೆದು ಬರೆದು ಕಲಿತಿದ್ದೇವೆ. ಇಷ್ಟಿದ್ದೂ ನಮ್ಮ ಹುಡುಗರು ‘ತೊಮಾತೆ’ಯನ್ನು ‘ಟೊಮಾಟೆ’ ಅನ್ನುತ್ತಾರೆ. ಯಾಕೆಂದರೆ ಅಕ್ಷರ ಕಂಡ ಕೂಡಲೇ ಅದನ್ನು ಇಂಗ್ಲಿಷ್ ಹಾಗೆ ಓದಬೇಕು ಅಂತ ತಲೆಯಲ್ಲಿ ಕೂತಿದೆ.

ಇನ್ನೊಂದು ಮಾತು. ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ನಮಸ್ಕಾರಕ್ಕೆ ‘ಓಲಾ’, ಅಣ್ಣನಿಗೂ ತಮ್ಮನಿಗೂ ‘ಎರ್ಮಾನೊ’. ನಮ್ಮ ಮಂಡ್ಯ ಕಡೆ ಹಾಲನ್ನು ‘ಆಲು’ ಅಂದಿದ್ದಕ್ಕೆ ಎಷ್ಟು ಮಕ್ಕಳು ಕ್ಲಾಸಿನಲ್ಲಿ ನಗೆಪಾಟಲಾಗಿದ್ದಾರೆ ಅಂತ ನಿಮಗೆ ಗೊತ್ತು. ಹಕಾರ ಬಿಡುವುದು ದಡ್ಡತನವಲ್ಲ. ಸುಮಾರು 50 ಕೋಟಿ ಜನರ ತಾಯ್ನುಡಿಯಲ್ಲಿ, 20 ದೇಶಗಳ ಆಡಳಿತ ಭಾಷೆಯಲ್ಲಿ ಅದು ಶಿಷ್ಟ ರೂಪ. ಇದನ್ನು ಒಂದು ಸಲ ಜೋರಾಗಿ ಹೇಳಿದರೆ ಎಷ್ಟು ಮಕ್ಕಳ ಬೆನ್ನು ನೆಟ್ಟಗಾಗುತ್ತದೆ!

ಕನ್ನಡ ಎಲ್ಲ ಕಡೆ ಕೈ ಹಿಡಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಮೇಜು ಅಲ್ಲಿ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ನಮಗೆ ಎರಡೂ ‘ಅದು’. ಅದನ್ನು ಬಾಯಿಪಾಠ ಮಾಡಲೇಬೇಕು. ಆದರೆ ಅಲ್ಲಿ ಇಂಗ್ಲಿಷ್ ಏನು ಸಹಾಯ ಮಾಡುತ್ತದೆ? ಅವರಿಗೂ ಅದು ‘ಇಟ್’ ತಾನೆ? ಇನ್ನು ‘ಸೆರ್’ ಮತ್ತು ‘ಎಸ್ತಾರ್’, ಎರಡೂ ‘ಆಗಿರು, ಇರು’ ಅನ್ನುವ ಅರ್ಥದ ಕ್ರಿಯಾಪದಗಳು. ಇಂಗ್ಲಿಷ್‌ನ ಒಂದೇ ‘ಈಸ್’ ಇಟ್ಟುಕೊಂಡು ಹೊರಟರೆ ಈ ಎರಡರ ವ್ಯತ್ಯಾಸ ತಿಣುಕಾಡಿದರೂ ಹತ್ತುವುದಿಲ್ಲ. ಕನ್ನಡದಲ್ಲಿ ನೋಡಿ. ‘ಅವಳು ಡಾಕ್ಟರ್’ ಅನ್ನುವಾಗ ನಾವು ‘ಇದ್ದಾಳೆ’ ಸೇರಿಸುವುದಿಲ್ಲ. ‘ಅವಳು ಮನೆಯಲ್ಲಿದ್ದಾಳೆ’ ಅನ್ನುವಾಗ ಸೇರಿಸುತ್ತೇವೆ. ಮೊದಲನೆಯದಕ್ಕೆ ಸೆರ್, ಎರಡನೆಯದಕ್ಕೆ ಎಸ್ತಾರ್. ‘ಎತ್ತರವಾಗಿದ್ದಾಳೆ’ ಅನ್ನುವಲ್ಲಿ ಈ ಲೆಕ್ಕ ತಪ್ಪುತ್ತದೆ, ಅಲ್ಲಿ ಅವರು ಸೆರ್ ಬಳಸುತ್ತಾರೆ. ತಪ್ಪಲಿ. ಮೊದಲ ದಿನ ಕಾಲೂರಲು ಇಷ್ಟು ಸಾಕು.

ಈ ಮಾತು ಎತ್ತಿದಾಗಲೆಲ್ಲ ಬರುವ ಉತ್ತರಗಳೂ ಗೊತ್ತು. ಕ್ಲಾಸಿನಲ್ಲಿ ಕನ್ನಡ ಬಾರದವರೂ ಇದ್ದಾರಲ್ಲ ಅಂತಾರೆ. ಇದ್ದಾರೆ, ಕೇರಳದವರಿದ್ದಾರೆ, ಹಿಂದಿಯವರಿದ್ದಾರೆ. ‘ನನಗೆ ಇಷ್ಟ’ ಅನ್ನುವ ವಾಕ್ಯ ಮಲಯಾಳದಲ್ಲೂ ಹಾಗೇ ಇದೆ, ಹಿಂದಿಯಲ್ಲೂ ಹಾಗೇ ಇದೆ. ಅವರವರ ಮನೆಮಾತಿನಲ್ಲಿ ಹೇಳಿಕೊಳ್ಳಿ ಅಂದಿದ್ದರೆ ಇಡೀ ಕ್ಲಾಸು ಒಟ್ಟಿಗೆ ತಲೆಯಾಡಿಸುತ್ತಿತ್ತು. ಆ ವಾಕ್ಯ ತಲೆಕೆಳಗಾಗಿ ಕಾಣುವುದು ಇಂಗ್ಲಿಷ್ ಕಡೆಯಿಂದ ನೋಡಿದವರಿಗೆ ಮಾತ್ರ. ನಮ್ಮ ಕ್ಲಾಸಿನಲ್ಲಿ ಇಂಗ್ಲಿಷ್ ಮನೆಮಾತಿನವರು ಒಬ್ಬರೂ ಇಲ್ಲ.

ಇಂಗ್ಲಿಷ್ ಬಂದರೆ ಪದಗಳು ಸುಲಭ ಅಂತಾರೆ. ನಿಜ. ಆದರೆ ಆಸ್ಪತ್ರೆಗೆ ಅಲ್ಲೂ ‘ಓಸ್ಪಿತಾಲ್’, ಡಾಕ್ಟರಿಗೆ ‘ದೊಕ್ತೊರ್’. ಈ ಪದಗಳು ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಬೇಕಾದರೆ ಇಂಗ್ಲಿಷ್ ಬೇಕೇ ಬೇಕು ಅಂತಾರೆ. ಬೇಕು, ಅದನ್ನು ಬೇರೆ ಕ್ಲಾಸಿನಲ್ಲಿ ಕಲಿಯೋಣ. ಸ್ಪ್ಯಾನಿಷ್ ಅರ್ಥವಾದ ಹುಡುಗಿಯನ್ನು ಇಂಗ್ಲಿಷ್ ಬರಲಿಲ್ಲ ಅಂತ ಕೂರಿಸುವುದು ಯಾವ ನ್ಯಾಯ?

ನನಗೆ ಇಷ್ಟು ಸಂಕಟವಾಗುವುದಕ್ಕೆ ಕಾರಣ ಇದೆ. ಎಸ್ಎಸ್ಎಲ್‌ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿಗೆ ಸೈನ್ಸ್ ತಗೊಂಡವಳು ನಾನು. ಆ ಮೊದಲ ವರ್ಷ ಕ್ಲಾಸಿನಲ್ಲಿ ನಾನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಉತ್ತರ ಗೊತ್ತಿದ್ದರೂ ಹೇಳಲಿಲ್ಲ. ಎದೆಯೊಳಗೆ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಬೇರೆ ಯಾರೋ ಹೇಳಿಬಿಡುತ್ತಿದ್ದರು. ಫಿಸಿಕ್ಸ್ ನನಗೆ ಅರ್ಥವಾಗುತ್ತಿತ್ತು. ಅದು ಯಾರಿಗೂ ಗೊತ್ತಾಗಲೇ ಇಲ್ಲ. ಇವತ್ತು ಆ ಹುಡುಗಿ ಕೂತ ರೀತಿ ನೋಡಿ, ವಾಪಸ್ ಬರುವಾಗ ರೈಲು ಪಾಂಡವಪುರ ಸ್ಟೇಷನ್ ದಾಟಿದರೂ ಅದೇ ತಲೆಯಲ್ಲಿತ್ತು.

ಈ ಮೈಸೂರು ಯಾವ ಊರು ಹೇಳಿ? 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇರುವ ಊರು. ಬೇರೆ ರಾಜ್ಯಗಳ ಮೇಷ್ಟ್ರುಗಳು ಬಂದು ಕನ್ನಡ ಕಲಿತು ಹೋಗುವ ಊರು. 1956ರಿಂದ 1960ರವರೆಗೆ ಇಲ್ಲಿನ ವಿಶ್ವವಿದ್ಯಾನಿಲಯ ನಡೆಸಿದ ಕುವೆಂಪು, ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬಹುದು ಅಂತ ಹಟ ಹಿಡಿದಿದ್ದರು. ಅಂಥ ಊರಿನಲ್ಲಿ ಸ್ಪ್ಯಾನಿಷ್ ವ್ಯಾಕರಣದ ಒಂದು ಹಾಳೆಯನ್ನು ಕನ್ನಡದಲ್ಲಿ ಹಂಚುವುದು ಅಷ್ಟು ಕಷ್ಟವಾ?

ಮುಂದಿನ ಶನಿವಾರ ಮೇಡಂ ಹತ್ತಿರ ಮಾತಾಡುತ್ತೇನೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಲು ಬಿಡಿ, ಉತ್ತರ ನೀವು ಇಂಗ್ಲಿಷ್‌ನಲ್ಲೇ ಕೊಡಿ ಅಂತ ಕೇಳುತ್ತೇನೆ. ಒಪ್ಪುತ್ತಾರೆ ಅನ್ನುವ ನಂಬಿಕೆ ಇದೆ. ಅಷ್ಟರಲ್ಲಿ ಆ ಹುಡುಗಿ, ನಾನು ಸೇರಿಕೊಂಡು ಆ ಹಾಳೆ ತಯಾರು ಮಾಡುತ್ತಿದ್ದೇವೆ. ಅವಳ ‘ಮೆ, ತೆ, ಲೆ’ ಮೊದಲ ಸಾಲಿನಲ್ಲಿದೆ. ಸೆರ್, ಎಸ್ತಾರ್ ಭಾಗವನ್ನು ಬಲ್ಲವರೊಬ್ಬರು ತಿದ್ದಿಕೊಡಬೇಕು. ನಿಮ್ಮಲ್ಲಿ ಯಾರಿಗಾದರೂ ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ ಅಂದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ, ಶುಕ್ರವಾರದೊಳಗೆ ಬೇಕು.