ವಾಕಿಟಾಕಿ ಬೇಕಾಗಿರುವುದು ಗಾಡಿಯಿಂದ ಇಳಿದು ನಿಂತವನಿಗೆ

"ಅಣ್ಣ, ಈಗ ಎಳೀ..."

ನನಗೆ ಕೇಳಿಸಿದ್ದು ಇಷ್ಟೇ. ಹುಡುಗ ಹೇಳಿದ್ದು "ಅಣ್ಣ, ಈಗ ಎಳೀಬೇಡಿ" ಅಂತ. ಆ "ಬೇಡಿ" ಬಾಯಿಂದ ಬರುವಷ್ಟರಲ್ಲಿ ಅವನ ಹೆಬ್ಬೆರಳು ಬಟನ್‌ನಿಂದ ಜಾರಿತ್ತು.

ಹೋದ ಮಳೆಗಾಲದ ಕೊನೆಯಲ್ಲಿ ನಡೆದದ್ದು. ಗುಡಿಬಂಡೆ ಕಡೆ ಸ್ನೇಹಿತರೊಬ್ಬರ ಜಮೀನು, ಪಕ್ಕದಲ್ಲೇ ಹಳ್ಳ. ಐದು ಗಾಡಿ ಹೋಗಿದ್ದೆವು. ಒಂದು ಜಿಪ್ಸಿ ಹಳ್ಳದ ಮರಳಲ್ಲಿ ಆಕ್ಸಲ್‌ವರೆಗೂ ಹೂತು ಕೂತಿತ್ತು. ನನ್ನ ಥಾರ್‌ಗೆ ಬೆಲ್ಟ್ ಕಟ್ಟಿ ಎಳೆಯುವುದು ಅಂತ ಆಯಿತು. ನಾನು ಸ್ಟೇರಿಂಗ್ ಹಿಡಿದು, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಜೋರು ಕೊಡುವ ಗೇರ್) ಹಾಕಿ, ಮೊದಲ ಗೇರ್‌ನಲ್ಲಿ ಕಾಯುತ್ತಿದ್ದೆ. ಹಿಂದೆ ಏನಾಗುತ್ತಿದೆ ಅನ್ನುವುದು ನನಗೆ ಕಾಣುತ್ತಿರಲಿಲ್ಲ, ಏರಿ ಅಡ್ಡ ಇತ್ತು. ಜಿಪ್ಸಿ ಹತ್ತಿರ ಬಗ್ಗಿ ಕೂತಿದ್ದ ಹುಡುಗನಿಗೆ ಶ್ಯಾಕಲ್‌ನ (ಬೆಲ್ಟನ್ನು ಗಾಡಿಗೆ ಸೇರಿಸುವ ಕಬ್ಬಿಣದ ಕೊಂಡಿಯ) ಪಿನ್ ಎರಡೇ ಸುತ್ತು ಕೂತಿರುವುದು ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ರೇಡಿಯೋದಲ್ಲಿ ಕೂಗಿದ. ನಾನು "ಎಳೀ" ಅಂತ ಕೇಳಿಸಿಕೊಂಡೆ. ಕ್ಲಚ್ ಬಿಟ್ಟೆ.

ಬೆಲ್ಟ್ ಬಿಗಿಯಾಯಿತು, ಶ್ಯಾಕಲ್ ಕಿತ್ತುಕೊಂಡು ಬಂದು ನನ್ನ ಹಿಂದಿನ ಬಾಗಿಲಿಗೆ ಬಡಿಯಿತು. ಹುಡುಗ ಇದ್ದದ್ದು ಅದು ಹಾರಿದ ದಾರಿಯಿಂದ ಒಂದು ಮಾರು ದೂರದಲ್ಲಿ. ಬಾಗಿಲಲ್ಲಿ ಬಿದ್ದಿರುವ ತಗ್ಗಿಗೆ ನನ್ನ ಹೆಬ್ಬೆರಳು ಪೂರ್ತಿ ಕೂರುತ್ತದೆ. ಅದು ಹತ್ತು ಮಿಲಿಮೀಟರ್ ದಪ್ಪದ ರಬ್ಬರ್ ಬೀಡಿಂಗ್ ಮೇಲೆ ಬಿದ್ದು ಆಗಿರುವ ತಗ್ಗು. ಅವನ ಮಂಡಿಗೆ ಬಿದ್ದಿದ್ದರೆ ಅಂತ ಯೋಚನೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ ಕಡೆಯಿಂದ ಈಗ ತುಂಬಾ ಜನ ಥಾರ್, ಜಿಮ್ನಿ ತಗೊಂಡು ಭಾನುವಾರ ಭಾನುವಾರ ಹೊರಡುತ್ತಿದ್ದಾರೆ. ಸಂತೋಷದ ವಿಷಯ. ಇನ್‌ಬಾಕ್ಸ್‌ಗೆ ಬರುವ ಪ್ರಶ್ನೆ ಮಾತ್ರ ಒಂದೇ: "ಅಣ್ಣ, ಯಾವ ವಾಕಿಟಾಕಿ ತಗೊಳ್ಳಲಿ, ಎಷ್ಟು ಕಿಲೋಮೀಟರ್ ಬರುತ್ತೆ?" ನಾನು ತಿರುಗಿ ಕೇಳುವುದು, ಅದನ್ನು ಯಾರ ಕೈಗೆ ಕೊಡುತ್ತೀರಿ ಅಂತ. ಮುಂದಿನ ಗಾಡಿಯ ಲೀಡರ್ ಕೈಗೆ ಅಂತಲೇ ಉತ್ತರ ಬರುತ್ತದೆ. ಒಳ್ಳೆಯ ಸೆಟ್ ಲೀಡರ್‌ಗೆ, ಸುಮಾರಾದದ್ದು ಕೊನೆಯ ಗಾಡಿಗೆ, ಕೆಳಗಿಳಿದು ದಾರಿ ತೋರಿಸುವವನಿಗೆ ಏನೂ ಇಲ್ಲ, ಅವನು ಕೈ ಬೀಸಬೇಕು. ಇದು ಪೂರ್ತಿ ಉಲ್ಟಾ. ಮೊದಲ ಸೆಟ್ ಕೆಳಗೆ ನಿಂತವನಿಗೆ, ಎರಡನೆಯದು ಕೊನೆಯ ಗಾಡಿಗೆ. ಮಿಕ್ಕಿದ್ದು ಆಮೇಲೆ. ಒಂದು ದುಬಾರಿ ಸೆಟ್ ಬದಲು ಒಂದೇ ಮಾಡೆಲ್‌ನ ನಾಲ್ಕು ಸಾಧಾರಣ ಸೆಟ್ ತಗೊಳ್ಳಿ.

ಕಿಲೋಮೀಟರ್ ವಿಷಯ ಹೇಳಿಬಿಡುತ್ತೇನೆ. ಡಬ್ಬಿ ಮೇಲೆ 8, 10 ಅಂತ ಬರೆದಿರುವುದು ಎದುರುಬದುರು ಏನೂ ಅಡ್ಡ ಇಲ್ಲದ ಜಾಗದ ಲೆಕ್ಕ. ಬೆಟ್ಟದ ತುದಿಯಿಂದ ಕೆಳಗಿನ ಬಯಲಿಗೆ ಮಾತಾಡಿದರೆ ಬಂದೀತು. ಆದರೆ ನಮ್ಮ ಸೀಮೆ ಹೇಗಿದೆ ನೋಡಿ. ಎಲ್ಲಿ ನೋಡಿದರೂ ಬಂಡೆ, ಗುಡ್ಡ, ಕೆರೆ ಏರಿ. ನಮ್ಮ ಸೆಟ್‌ಗಳು ಬಳಸುವ 446 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್, ಅದು ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ. ಮನೆ ಗಾತ್ರದ ಕಲ್ಲುಬಂಡೆ ಅಡ್ಡ ಬಂದರೆ ಮುಗಿಯಿತು. ಒಂದು ಗಾಡಿ ಕೆರೆ ಏರಿ ಇಳಿದು ಆಚೆ ಬದಿಗೆ ಹೋದ ತಕ್ಷಣ ದನಿ ಚರಚರ ಅನ್ನುವುದನ್ನು ಎಷ್ಟು ಸಲ ನೋಡಿದ್ದೇನೆ, ದೂರ ಮುನ್ನೂರು ಮೀಟರ್ ಕೂಡ ಇರುವುದಿಲ್ಲ. ಹಾಗಂತ ಜಾಸ್ತಿ ವ್ಯಾಟ್ ಹಾಕಿದರೆ ಆಗುತ್ತಾ? ಅರ್ಧ ವ್ಯಾಟ್ ಬದಲು 5 ವ್ಯಾಟ್ ಹಾಕಿದರೆ ಶಕ್ತಿ ಹತ್ತು ಪಟ್ಟು, ಆದರೆ ಬಯಲಲ್ಲೂ ದೂರ ಲೆಕ್ಕದ ಪ್ರಕಾರ ಮೂರು ಪಟ್ಟು ಚಿಲ್ಲರೆ ಅಷ್ಟೇ. ಬಂಡೆಯ ಹಿಂದೆ ಅಷ್ಟೂ ಸಿಗುವುದಿಲ್ಲ. ಅದರ ಬದಲು ಕೊನೆಯ ಗಾಡಿಯವನು ಏರಿ ಮೇಲೆ ಒಂದು ನಿಮಿಷ ನಿಂತು ಮಾತಾಡಿದರೆ ಎರಡೂ ಬದಿಗೆ ಕೇಳಿಸುತ್ತದೆ.

ಗಾಡಿಯ ಒಳಗೆ ಕೂತು ಮಾತಾಡುವಾಗಲೂ ಅಷ್ಟೇ. ಸುತ್ತ ತಗಡು. ಸೆಟ್ಟನ್ನು ಗೇರ್ ಪಕ್ಕದ ಗುಂಡಿಯಲ್ಲಿ ಇಟ್ಟುಕೊಂಡು "ಬರ್ತಾ ಇಲ್ಲ, ಬರ್ತಾ ಇಲ್ಲ" ಅನ್ನುವವರು ಅದನ್ನು ಕಿಟಕಿ ಹತ್ತಿರ, ಏರಿಯಲ್ ನೆಟ್ಟಗೆ ಮಾಡಿ ಹಿಡಿದು ನೋಡಲಿ. ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ. ಓಡಿಸುವಾಗ ಕೈಯಲ್ಲಿ ಹಿಡಿದು ಮಾತಾಡುವ ಸಾಧನ ಬಳಸುವುದನ್ನು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅಪಾಯಕಾರಿ ಚಾಲನೆ ಅಂತಲೇ ಸೇರಿಸಿದ್ದಾರೆ.

ಇನ್ನು ಕಾನೂನು. ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಸಣ್ಣ ಪಟ್ಟಿಯನ್ನು 2018ರ ನಿಯಮದಲ್ಲಿ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿದ್ದಾರೆ. ನಮಗೆ ಬೇಕಾಗಿರುವುದು ಅದೇ. ಸೆಟ್‌ಗೆ ದೂರಸಂಪರ್ಕ ಇಲಾಖೆಯ ಇಟಿಎ, ಅಂದರೆ ಆ ಮಾದರಿಯ ಸೆಟ್‌ಗೆ ಕೊಡುವ ಒಪ್ಪಿಗೆ ಇರಬೇಕು, ಅಂಗಡಿಯವರನ್ನು ಅದರ ಕಾಗದ ಕೇಳಿ, ಫ್ರೀಕ್ವೆನ್ಸಿ ಎಷ್ಟು ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಬಿಟ್ಟು ಬನ್ನಿ. ಆನ್‌ಲೈನ್‌ನಲ್ಲಿ ಈ ಮಾಹಿತಿ ಇಲ್ಲದೆ ಮಾರುತ್ತಿದ್ದರು ಅಂತಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ತಂದಿತು.

ಅಮೆರಿಕದಿಂದ ಭಾವ ತಂದುಕೊಟ್ಟ ಸೆಟ್ ಇದೆ ಅಂತ ಇಬ್ಬರು ಹೇಳಿದ್ದಾರೆ. ಅಲ್ಲಿಯದು 462, 467 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಮನೆಮಂದಿ ಬಳಸುವ ಸೆಟ್ ಅದು, ಇಲ್ಲಿ ಆ ಪಟ್ಟಿ ನಮಗೆ ಬಿಟ್ಟಿದ್ದಲ್ಲ. ಮನೆಯಲ್ಲೇ ಇರಲಿ. 5 ವ್ಯಾಟ್‌ನ, ಹಲವು ಫ್ರೀಕ್ವೆನ್ಸಿ ಹಿಡಿಯುವ ಅಗ್ಗದ ಸೆಟ್‌ಗಳ ವಿಷಯವೂ ಅಷ್ಟೇ. ಅದರಲ್ಲಿ ಗೊತ್ತಿಲ್ಲದೆ ಬಟನ್ ಒತ್ತಿ ಪೊಲೀಸರ ಅಥವಾ ಆಂಬ್ಯುಲೆನ್ಸ್‌ನವರ ಮಾತಿನ ಮಧ್ಯೆ ನುಗ್ಗಿದರೆ ಅದು ಬರೀ ದಂಡದ ವಿಷಯ ಅಲ್ಲ, ಅಲ್ಲಿ ಯಾರದೋ ಜೀವದ ಪ್ರಶ್ನೆ ನಡೆಯುತ್ತಿರಬಹುದು. ದೂರದ ಮಾತು ನಿಜವಾಗಿ ಬೇಕು ಅನ್ನುವವರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್‌ನ ಪರೀಕ್ಷೆ ಬರೆಯಿರಿ. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಪಾಸಾಗಿ ಲೈಸೆನ್ಸ್ ಬಂದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಮಾತಾಡಬಹುದು. ಆದರೆ ಗುಂಪಿನಲ್ಲಿ ಒಬ್ಬರಿಗೆ ಲೈಸೆನ್ಸ್ ಇದ್ದರೆ ಸಾಲದು, ಸೆಟ್ ಹಿಡಿದು ಮಾತಾಡುವ ಪ್ರತಿಯೊಬ್ಬರಿಗೂ ಬೇಕು.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ.

ಆ ಘಟನೆ ಆದ ರಾತ್ರಿ ನಿದ್ದೆ ಬರಲಿಲ್ಲ. ಹುಡುಗನದು ತಪ್ಪಾ? ಅಲ್ಲ. ನಮ್ಮ ಕನ್ನಡದಲ್ಲಿ ಬೇಡ ಅನ್ನುವ ಮಾತು ಕೊನೆಗೆ ಬರುತ್ತದೆ ಅಲ್ವಾ. ಎಳೀ-ಬೇಡ. ಬಿಡ-ಬೇಡ. ಬರ-ಬೇಡ. ಬಾಲ ಕತ್ತರಿಸಿದರೆ ಅರ್ಥವೇ ತಿರುಗಿ ಬೀಳುತ್ತದೆ. ಎದುರಿಗೆ ನಿಂತು ಮಾತಾಡುವಾಗ ಮುಖ ನೋಡಿ, ಕೈ ನೋಡಿ ಗೊತ್ತಾಗುತ್ತದೆ. ರೇಡಿಯೋದಲ್ಲಿ ಬರೀ ದನಿ, ಅದೂ ಬಟನ್ ಒತ್ತಿರುವಷ್ಟು ಹೊತ್ತು ಮಾತ್ರ. ಗಾಬರಿಯಾದವನು ಮಾತು ಮುಗಿಯುವ ಮುಂಚೆಯೇ ಬೆರಳು ಎತ್ತುತ್ತಾನೆ. ಅದಕ್ಕೇ ನಮ್ಮ ಗುಂಪಿನಲ್ಲಿ ಈಗ ರೇಡಿಯೋ ಮೇಲೆ "ಬೇಡ" ಸೇರಿಸಿ ಹೇಳುವ ಹಾಗೇ ಇಲ್ಲ. ಏನೇ ಆದರೂ ಮೊದಲು "ನಿಲ್ಲು ನಿಲ್ಲು ನಿಲ್ಲು". ಮೂರು ಸಲ. ಯಾಕೆ ಅನ್ನುವುದು ಆಮೇಲೆ. ಇಲ್ಲಿ ಅಣ್ಣ, ಸಾರ್, ರೀ ಅನ್ನುವ ಮರ್ಯಾದೆಯೂ ಬೇಕಿಲ್ಲ. ಅರವತ್ತು ವರ್ಷದವರಿಗೂ ಇಪ್ಪತ್ತರ ಹುಡುಗ "ನಿಲ್ಲು" ಅಂತಲೇ ಹೇಳಬೇಕು, ಅವರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಇನ್ನೊಂದು ಮಾತು "ರೈಟ್". ಬಸ್ಸಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದರೆ ಹೊರಡು ಅಂತ ಅರ್ಥ. ಅದು ನಮ್ಮ ಕಿವಿಯಲ್ಲಿ ಚಿಕ್ಕಂದಿನಿಂದ ಕೂತಿದೆ. ಈಗ ಕಲ್ಲಿನ ಮೇಲೆ ಒಂದು ಚಕ್ರ ಇಟ್ಟು ನಿಂತಿರುವವನಿಗೆ "ರೈಟ್" ಅಂದರೆ ಅವನು ಬಲಕ್ಕೆ ತಿರುಗಿಸಬೇಕಾ, ಮುಂದೆ ಹೋಗಬೇಕಾ? ಅದರ ಮೇಲೆ ಎದುರು ನಿಂತವನ ಎಡ ಓಡಿಸುವವನಿಗೆ ಬಲ. ಇದಕ್ಕೆ ಲಾರಿಯವರು ಯಾವತ್ತೋ ಉತ್ತರ ಕಂಡುಕೊಂಡಿದ್ದಾರೆ. ಡ್ರೈವರ್ ಕಡೆ, ಕ್ಲೀನರ್ ಕಡೆ. ಗಾಡಿಯಲ್ಲಿ ಕ್ಲೀನರ್ ಇರಲಿ ಬಿಡಲಿ, ಯಾವ ಕಡೆ ನಿಂತು ಹೇಳಿದರೂ ಅದು ಬದಲಾಗುವುದಿಲ್ಲ. "ಡ್ರೈವರ್ ಕಡೆ ಅರ್ಧ ಸುತ್ತು, ನಿಧಾನ, ಬರ್ಲಿ ಬರ್ಲಿ, ನಿಲ್ಲು." ಇಷ್ಟು ಮಾತಲ್ಲಿ ಎಂಥ ಬಂಡೆಯನ್ನೂ ದಾಟಿಸಬಹುದು.

ಹೀಗೆ ನೋಡಿದ ಮೇಲೆ ಸೆಟ್ ಆರಿಸುವ ರೀತಿಯೇ ಬೇರೆಯಾಯಿತು. ಈಗ ನಾನು ಅಂಗಡಿಯಲ್ಲಿ ಮೊದಲು ನೋಡುವುದು ಬಟನ್. ಕೈ ಒದ್ದೆ ಮಾಡಿಕೊಂಡು ಒತ್ತಿ ನೋಡುತ್ತೇನೆ. ದೊಡ್ಡದಾಗಿರಬೇಕು, ಮೇಲ್ಮೈ ಒರಟಾಗಿರಬೇಕು, ಕಣ್ಣು ಮುಚ್ಚಿಕೊಂಡರೂ ಹೆಬ್ಬೆರಳಿಗೆ ಸಿಗಬೇಕು, ಒತ್ತಿ ಹಿಡಿದರೆ ನೋಯಬಾರದು. ಬಟನ್ ಒತ್ತದೆ ದನಿಗೆ ತಾನೇ ಶುರುವಾಗುವ ವಾಕ್ಸ್ ಇರುತ್ತದಲ್ಲ, ಅದನ್ನು ಆಫ್ ಮಾಡಿಡಿ. ಅದು ಮೊದಲ ಅಕ್ಷರ ನುಂಗುತ್ತದೆ, ಎಂಜಿನ್ ಸದ್ದಿಗೂ ಶುರುವಾಗಿ ಚಾನೆಲ್ ಹಿಡಿದುಕೊಂಡು ಕೂರುತ್ತದೆ. ಬಟನ್ ಒತ್ತಿ ಒಂದು ಉಸಿರು ಬಿಟ್ಟು ಮಾತು ಶುರು, ಮಾತು ಮುಗಿದ ಮೇಲೂ ಒಂದು ಉಸಿರು ಹಿಡಿದಿರಿ. ಸ್ಪೀಕರ್ ಜೋರಾಗಿರಬೇಕು, ಡೀಸೆಲ್ ಎಂಜಿನ್ ಪಕ್ಕದಲ್ಲಿ ನಿಂತವನಿಗೆ ಕೇಳಿಸಬೇಕು.

ಧೂಳು ನಮ್ಮ ಕಡೆ ಕಮ್ಮಿಯಾ? ಕೋಲಾರದ ಕೆಮ್ಮಣ್ಣು ಎಲ್ಲ ಸಂದಿಗೂ ಹೋಗುತ್ತದೆ. ಐಪಿ67 ಅಂತ ಇದ್ದರೆ ಒಳ್ಳೆಯದು. ಆ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ ಅಂತ, 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ. ಹಳ್ಳದಲ್ಲಿ ಬಿದ್ದರೆ ಹುಡುಕಿ ತೆಗೆಯುವಷ್ಟು ಟೈಮ್ ಸಿಗುತ್ತದೆ. ಐಪಿ54 ಆದರೆ ತುಂತುರಿಗೆ ಸರಿ, ಮುಳುಗಿಸಬೇಡಿ.

ಪ್ರೈವೆಸಿ ಕೋಡ್ ಅಂತ ಒಂದು ಇರುತ್ತದೆ. ಹೆಸರು ನೋಡಿ ನಮ್ಮ ಮಾತು ಗುಟ್ಟಾಗಿರುತ್ತದೆ ಅಂದುಕೊಳ್ಳಬೇಡಿ. ದನಿಯ ಕೆಳಗೆ ಒಂದು ಸಣ್ಣ ಟೋನ್ ಹೋಗುತ್ತದೆ, ಆ ಟೋನ್ ಇಲ್ಲದ ಮಾತನ್ನು ನಿಮ್ಮ ಸೆಟ್ ಕೇಳಿಸುವುದಿಲ್ಲ ಅಷ್ಟೇ. ನಿಮ್ಮ ಮಾತು ಬೇರೆಯವರಿಗೆ ಕೇಳಿಸಬಹುದು. ಇದರಿಂದ ಆಗುವ ತೊಂದರೆ ಇನ್ನೊಂದಿದೆ. ಐದರಲ್ಲಿ ಒಂದು ಸೆಟ್‌ನ ಕೋಡ್ ಬೇರೆ ಇದ್ದರೆ ಆ ಗಾಡಿ ಕಿವುಡಾದ ಹಾಗೆ. ಅದಕ್ಕೆ ಹೊರಡುವ ಮುಂಚೆ ಟೀ ಅಂಗಡಿ ಹತ್ತಿರವೇ ಒಬ್ಬೊಬ್ಬರಾಗಿ ಮಾತಾಡಿ ನೋಡುವುದು, ಆಮೇಲೆ ಕೀಪ್ಯಾಡ್ ಲಾಕ್.

ಅರಣ್ಯದ ಒಳಗೆ ಗಾಡಿ ಇಳಿಸಬೇಡಿ ಅಂತ ಬೇರೆ ಹೇಳಬೇಕಾ? ದೇವರಾಯನದುರ್ಗ ಇರಲಿ, ನಂದಿ ಸುತ್ತಮುತ್ತ ಇರಲಿ, ಅನುಮತಿ ಇಲ್ಲದೆ ದಾರಿ ಬಿಟ್ಟು ಹೋಗುವುದು ತಪ್ಪು. ಗೊತ್ತಿರುವವರ ಜಮೀನು, ಅವರನ್ನು ಕೇಳಿ, ಬೆಳೆ ಇಲ್ಲದಾಗ.

ಈ ಬರುವ ಭಾನುವಾರ ಅದೇ ಗುಡಿಬಂಡೆ ಜಮೀನಿಗೆ ಹೋಗುತ್ತಿದ್ದೇವೆ. ಬರುವವರು ಸೆಟ್ ಶನಿವಾರ ರಾತ್ರಿಯೇ ಚಾರ್ಜ್‌ಗೆ ಹಾಕಿ. ಸೆಟ್ ಇಲ್ಲದವರೂ ಬನ್ನಿ, ನನ್ನ ಹತ್ತಿರ ಎರಡು ಹೆಚ್ಚಿಗೆ ಇವೆ. ಬೆಳಿಗ್ಗೆ ಆರೂವರೆಗೆ ಪೇರೇಸಂದ್ರ ಕ್ರಾಸ್ ಹತ್ತಿರ ಸೇರೋಣ. ಈ ಸಲ ಕೆಳಗೆ ನಿಂತು ದಾರಿ ತೋರಿಸುವುದು ಅದೇ ಹುಡುಗ, ಅವನೇ ಕೇಳಿಕೊಂಡಿದ್ದಾನೆ. ಅವನು "ನಿಲ್ಲು" ಅಂದರೆ ಎಲ್ಲರೂ ನಿಲ್ಲಬೇಕು.