ತಪ್ಪು ರೆಸಿನ್‌ನದಷ್ಟೇ ಅಲ್ಲ

ಹಲ್ಲಿನ ಬಿಳಿ ಫಿಲ್ಲಿಂಗ್ ಬೇಗ ಕಿತ್ತು ಬರುವುದಕ್ಕೆ ಅಗ್ಗದ ರೆಸಿನ್ (ಫಿಲ್ಲಿಂಗ್‌ಗೆ ಬಳಸುವ ಪ್ಲಾಸ್ಟಿಕ್‌ನಂಥ ವಸ್ತು) ಕಾರಣ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಎಂಥ ದುಬಾರಿ ರೆಸಿನ್ ಆದರೂ ಹಲ್ಲಿನ ನುಣುಪಾದ ಹೊರಪದರಕ್ಕೆ, ಅಂದರೆ ಎನಾಮೆಲ್‌ಗೆ, ಸುಮ್ನೆ ಅಂಟುವುದಿಲ್ಲ. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ 85% ಫಾಸ್ಫಾರಿಕ್ ಆಸಿಡ್ ಹಚ್ಚಿ ಇದಕ್ಕೆ ದಾರಿ ತೋರಿಸಿದರು. ಈಗ ಅದೇ ಆಸಿಡ್‌ನ ಸುಮಾರು 37% ಜೆಲ್ ಸಾಕು, ಅದೂ 15ರಿಂದ 30 ಸೆಕೆಂಡ್. ಆಸಿಡ್ ಕೊರೆದ ಸಣ್ಣ ಸಣ್ಣ ತೂತುಗಳಿಗೆ ರೆಸಿನ್ ಇಳಿದು, ಬೇರು ಮಣ್ಣನ್ನು ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ತೊಳೆದು ಒಣಗಿಸಿದ ಮೇಲೆ ಒಂಚೂರು ಎಂಜಲು ತಾಗಿದರೂ ಆ ತೂತುಗಳು ಮುಚ್ಚಿಹೋಗುತ್ತವೆ. ಬಾಯಿ ಮುಚ್ಚಬೇಡಿ ಎಂದು ಡಾಕ್ಟರ್ ಗದರುವುದು ಅದಕ್ಕೇ ಅಲ್ವಾ! ಇನ್ನು ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಪಾವಗಡದಂಥ ಕಡೆ, ಫ್ಲೋರೋಸಿಸ್ ಆದ (ಫ್ಲೋರೈಡ್ ಹೆಚ್ಚಾಗಿ ಕಲೆಗಟ್ಟಿದ) ಹಲ್ಲು ಆಸಿಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಹೆಚ್ಚು ಹೊತ್ತು ಹಚ್ಚಬೇಕಾಗಬಹುದು. ಲೇಖನದಲ್ಲಿ ಅದರ ಮಾತೇ ಇಲ್ಲ.